ಮಹಡಿಯಿಲ್ಲದ ಕಿಟಕಿಗಳು

ಬ್ಲೂಸ್ಟೆಮ್, ನೆಬ್ರಾಸ್ಕ
ಸೆಪ್ಟೆಂಬರ್ ೧೪, ೧೯೨೫, ಸೋಮವಾರ

ಪ್ರೀತಿಯ ತಮ್ಮ ಆರ್ವಿಡ್,

ಲಕೋಟೆಯ ಮೇಲೆ ಆರ್ಥರ್ ಡೇಲ್ ಅಂತಲೇ ಬರೆದಿದ್ದೇನೆ, ಇಲ್ಲದಿದ್ದರೆ ಅಲ್ಲಿಯ ಅಂಚೆಯವನು ನಿನಗೆ ಕೊಡುವುದಿಲ್ಲವಲ್ಲ. ಒಳಗೆ ಮಾತ್ರ ಅಪ್ಪ ಅಮ್ಮ ಇಟ್ಟ ಹೆಸರೇ ಇರಲಿ. ಹೇಗಿದ್ದೀಯ? ಕೆಮ್ಮು ನಿಂತಿತೆ? ಚಿಕ್ಕಂದಿನಿಂದಲೂ ಬೇಸಿಗೆ ಮುಗಿಯುವ ಹೊತ್ತಿಗೆ ಸರಿಯಾಗಿ ನಿನಗೆ ಕೆಮ್ಮು ಹಿಡಿಯುತ್ತಿತ್ತು. ಫ್ಲಾರಿಡಾದಲ್ಲಿ ಬೇಸಿಗೆ ಮುಗಿಯುವುದೇ ಇಲ್ಲ ಅಂತ ಬರೆದಿದ್ದೆ, ಹಾಗಿದ್ದರೆ ಒಳ್ಳೆಯದೇ. ಊಟ ಸರಿಯಾಗಿ ಮಾಡುತ್ತಿದ್ದೀಯ ತಾನೆ? ದೊಡ್ಡ ಹೋಟೆಲಿನಲ್ಲಿ ಊಟ, ಸಿಗಡಿ, ತಟ್ಟೆಯ ಪಕ್ಕದಲ್ಲಿ ಮೂರು ಥರದ ಫೋರ್ಕು ಅಂತೆಲ್ಲ ಬರೆದೆ, ಹೊಟ್ಟೆಗೆ ಎಷ್ಟು ಹೋಯಿತು ಅಂತ ಬರೆಯಲಿಲ್ಲ. ನನ್ನ ಮೊಣಕಾಲು ಹಾಗೇ ಇದೆ, ಬೆಳಿಗ್ಗೆ ಎದ್ದಾಗ ಸ್ವಲ್ಪ ಮುನಿಸಿಕೊಂಡು ಆಮೇಲೆ ನನ್ನ ಜೊತೆ ಕೆಲಸಕ್ಕೆ ಬರುತ್ತದೆ. ಆಲೂಗಡ್ಡೆ ನೆಲಮಾಳಿಗೆ ಸೇರಿತು. ಬೆಕ್ಕು ಮತ್ತೆ ಮರಿ ಹಾಕಿದೆ, ಅದೇ ಸಕ್ಕರೆ ಪೀಪಾಯಿಯ ಹಿಂದೆ. ಒಂದು ಮರಿಗೆ ನಿನ್ನ ಥರವೇ ಕಿವಿ, ಎರಡೂ ಹೊರಗೆ ಚಾಚಿಕೊಂಡಿವೆ.

ನಿನ್ನ ಜುಲೈ ತಿಂಗಳ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಕೆಲಸ ಜಾಸ್ತಿ ಅಂತಲ್ಲ, ಸಿಟ್ಟು ಜಾಸ್ತಿ ಅಂತ. ಆಮೇಲೆ ನೀನು ಕಳಿಸಿದ ತಂತಿಗಳೂ ಬಂದವು, ಸಹಿ ಎಲ್ಲಿ, ಸಹಿ ಎಲ್ಲಿ ಅಂತ. ಊರಿನ ತಂತಿ ಕಚೇರಿಯವನು ಎರಡನ್ನೂ ಗಟ್ಟಿಯಾಗಿ ಓದಿಯೇ ಕೊಟ್ಟ, ಅವನ ಅಭ್ಯಾಸ ನಿನಗೆ ಗೊತ್ತಲ್ಲ. ಆ ಕಾಗದ ಬಂದ ದಿನ ನಾನು ಹಿಟ್ಟಿನ ಮೂಟೆ ಬಿಚ್ಚುತ್ತಿದ್ದೆ, ಕೈಯಲ್ಲಿ ಹಿಟ್ಟಿದ್ದಂತೆಯೇ ಓದಿದೆ. ನಿನ್ನ ಜಮೀನು ಮಾರುವ ಕಂಪನಿಯ ಯಜಮಾನರು, ನೀನು ಮದುವೆಯಾಗುತ್ತೇನೆ ಅನ್ನುತ್ತಿರುವ ಕಾನ್‌ಸ್ಟನ್ಸ್ ಅನ್ನುವ ಆ ಹುಡುಗಿಯ ತಂದೆ, ಡೆನ್ವರಿಗೆ ಹೋಗುವ ದಾರಿಯಲ್ಲಿ ನಮ್ಮೂರಲ್ಲಿ ಇಳಿಯುತ್ತಾರೆ, ನಮ್ಮ 'ಎರಡಂತಸ್ತಿನ ಮಳಿಗೆ'ಯನ್ನು ನೋಡುತ್ತಾರೆ ಅಂತ ಬರೆದಿದ್ದೆ. ಸಾಯಂಕಾಲದ ರೈಲು, ಆದ್ದರಿಂದ ಮೇಲಿನ ಕಿಟಕಿಗಳ ಹಿಂದೆ ಎರಡು ದೀಪ ಹಚ್ಚಿ ನೇತುಹಾಕು ಅಂದೆ. ಅಲ್ಲಿಯವರೆಗೂ ನಗು ಬಂತು. ಆಮೇಲೆ ಬರೆದದ್ದೇನು? ನಮ್ಮದು ವರ್ಜೀನಿಯದ ಹಳೆಯ ಮನೆತನ, ಮನೆಯವರೆಲ್ಲ ತೀರಿಕೊಂಡಿದ್ದಾರೆ ಅಂತ ಹೇಳಿದ್ದೇನೆ, ಆದ್ದರಿಂದ ನೀನು ಅಂಗಡಿಯ ಮೇಲ್ವಿಚಾರಕಿ ಅಂತ ಹೇಳಿಕೋ, ಏಪ್ರನ್ ಬಿಚ್ಚಿಡು, ಸೀಮೆಎಣ್ಣೆ ವಾಸನೆ ಬಾರದ ಹಾಗೆ ಕೈ ತೊಳೆದುಕೋ. ಅದರ ಜೊತೆಗೇ ಬ್ಯಾಂಕಿನ ಕಾಗದ, ಅಂಗಡಿಯನ್ನು ಅಡವಿಟ್ಟು ಅಲ್ಲಿ ಜಮೀನು ಕೊಳ್ಳಲು ನನ್ನ ಪಾಲಿನ ಸಹಿ. ಅಲ್ಲ ಕಣೋ, ಸತ್ತವಳ ಸಹಿ ಬ್ಯಾಂಕಿನಲ್ಲಿ ನಡೆಯುತ್ತದೆಯೇನೋ?

ಆರ್ವಿಡ್, ನಿನಗೆ ಮೂರು ವರ್ಷವಾಗಿದ್ದಾಗ ಅಮ್ಮ ಹೋದಳು. ಅವತ್ತಿನಿಂದ ನಿನ್ನ ಮೂಗು ಒರೆಸಿದ್ದು, ಕಾಲುಚೀಲ ಹೆಣೆದದ್ದು, ಕೆಮ್ಮಿಗೆ ಎದೆಗೆ ಕೊಬ್ಬು ತಿಕ್ಕಿದ್ದು ಈ ಸೀಮೆಎಣ್ಣೆ ವಾಸನೆಯ ಕೈಗಳೇ. ನನ್ನನ್ನು ಮಣ್ಣು ಮಾಡುವ ಮುಂಚೆ ಒಂದು ಮಾತು ಕೇಳಬಹುದಿತ್ತು. ಆ ಕಾಗದ ಓದಿದ ಮೇಲೆ ನನಗೆ ತುಂಬಾ ನೋವಾಯಿತು. ಅದನ್ನು ಮುಚ್ಚಿಟ್ಟುಕೊಂಡು ಬರೆಯುವುದಕ್ಕೆ ನನಗೆ ಬರುವುದಿಲ್ಲ. ಎರಡು ದಿನ ಗಿರಾಕಿಗಳ ಮೇಲೆಲ್ಲ ರೇಗಾಡಿದೆ. ಕಮ್ಮಾರ ಗಸ್ ಹ್ಯಾಲ್ವರ್ಸನ್ ಮೊಳೆ ಕೊಳ್ಳಲು ಬಂದವನು, ಹುಲ್ಡಾ, ನಿನ್ನ ಮುಖ ನೋಡಿದರೆ ಮೊಳೆ ತಾನಾಗಿಯೇ ಹಲಗೆಯೊಳಗೆ ಹೋಗುತ್ತೆ ಅಂದ.

ಅಪ್ಪ ಈ ಅಂಗಡಿ ಕಟ್ಟಿದ ಬಗೆಯನ್ನು ನೀನು ಮರೆತಿದ್ದೀಯ ಅನ್ನಿಸಿತು, ಅದಕ್ಕೇ ನೆನಪಿಸುತ್ತೇನೆ. ನಮ್ಮ ಬೀದಿಯ ಎಲ್ಲ ಅಂಗಡಿಗಳ ಹಾಗೆ ನಮ್ಮದೂ ಒಂದೇ ಅಂತಸ್ತು, ತಗ್ಗಾದ ಚಾವಣಿ. ಅದರ ಮುಂದೆ ಎರಡಂತಸ್ತಿನ ಎತ್ತರಕ್ಕೆ ಒಂದು ಹಲಗೆಗೋಡೆ, ಅದು ಬೀಳದ ಹಾಗೆ ಹಿಂದಿನಿಂದ ಓರೆಯಾಗಿ ಕೊಟ್ಟ ತೊಲೆಗಳು. ಮೇಲಿನ ಸಾಲಿನಲ್ಲಿ ಎರಡು ಕಿಟಕಿ, ನಿಜವಾದ ಗಾಜು, ಅಮ್ಮ ಹೆಣೆದ ಲೇಸಿನ ಪರದೆ, ಪರದೆಯ ಹಿಂದೆ ಆಕಾಶ. ಅಪ್ಪನಿಗೆ ಇದರಲ್ಲಿ ನಾಚಿಕೆಯೂ ಇರಲಿಲ್ಲ, ಭ್ರಮೆಯೂ ಇರಲಿಲ್ಲ. ಅಂಗಡಿಗೊಂದು ಮುಖ ಬೇಕು ಹುಲ್ಡಾ, ಸರಕು ಮಾತ್ರ ಮುಖದ ಹಿಂದೆ ಹುಡುಕಬೇಕು ಅನ್ನುತ್ತಿದ್ದರು. ಪ್ರತಿ ವರ್ಷ ಮಾರ್ಚ್ ತಿಂಗಳ ಗಾಳಿಗೆ ಆ ಗೋಡೆ ಹಾಯಿಯ ಹಾಗೆ ತುಂಬಿಕೊಂಡು ನರಳುವಾಗ ಅಪ್ಪ ಏಣಿ ಹತ್ತಿ ಮೊಳೆ ಹೊಡೆಯುವವರು, ನಾನು ಕೆಳಗೆ ಏಣಿ ಹಿಡಿಯುವವಳು. ನೀನು ಬೀದಿಯಲ್ಲಿ ನಿಂತು ಮೇಲೆ ನೋಡುತ್ತ, ಅಲ್ಲಿ ಯಾರಿರ್ತಾರಪ್ಪ ಅಂತ ಕೇಳಿದ್ದೆ. ದೊಡ್ಡವನಾದ ಮೇಲೆ ನೀನೇ ಇರ್ತೀಯ ಮಗನೇ ಅಂದರು ಅಪ್ಪ. ತಮಾಷೆಗೆ ಅಂದದ್ದು. ನೀನು ಅದನ್ನೇ ನಂಬಿಕೊಂಡು ಬೆಳೆದುಬಿಟ್ಟೆ.

ಇನ್ನೊಂದು, ಆ ಗೋಡೆಯ ನೆತ್ತಿಯ ಮೇಲಿನ ನಾಮಫಲಕ. 'ಡಾಲ್‌ಬರ್ಗ್ ಮತ್ತು ಮಗ.' ನೀನು ಹುಟ್ಟಿದ ವಾರವೇ ಅಪ್ಪ ಅದನ್ನು ಬರೆಸಿ ಹಾಕಿದರು. ಆಗ ನಾನು ಗಲ್ಲದ ಎತ್ತರಕ್ಕಿದ್ದ ಕಟ್ಟೆಯ ಹಿಂದೆ ಪೆಟ್ಟಿಗೆಯ ಮೇಲೆ ನಿಂತು ಮೊಳೆ ತೂಗುತ್ತಿದ್ದೆ. ಮಗ ತೊಟ್ಟಿಲಲ್ಲಿ ಮಲಗಿದ್ದ, ಮಗಳು ತಕ್ಕಡಿ ಹಿಡಿದಿದ್ದಳು, ಫಲಕ ಓದಿದವರಿಗೆ ಏನೂ ತಪ್ಪು ಕಾಣಲಿಲ್ಲ. ನನಗೂ ಕಾಣಲಿಲ್ಲ ಅನ್ನು. ಎಲ್ಲ ಊರಲ್ಲೂ ಹಾಗೇ ಬರೆಯುತ್ತಾರೆ.

ನಿನ್ನ ಯಜಮಾನರು, ಆ ವೇನ್‌ರೈಟ್ ಸಾಹೇಬರು ಆಗಸ್ಟಿನಲ್ಲಿ ಬಂದರು. ಬಿಳಿ ಸೂಟು, ಬಿಳಿ ಬೂಟು, ನಮ್ಮ ಬೀದಿಯ ಧೂಳಿಗೆ ಹೇಳಿ ಮಾಡಿಸಿದ ಹಾಗೆ. ನಾನು ದೀಪ ಹಚ್ಚಿರಲಿಲ್ಲ, ಏಪ್ರನ್ ಬಿಚ್ಚಿರಲಿಲ್ಲ. ಕೈ ತೊಳೆದಿದ್ದೆ, ಅದೂ ಏಲಕ್ಕಿ ಬನ್ನಿಗೆ ಹಿಟ್ಟು ನಾದಿದ್ದೆ ಅಂತ. ಮನುಷ್ಯ ಬೀದಿಯ ನಡುವೆ ನಿಂತು ಹ್ಯಾಟು ಹಿಂದಕ್ಕೆ ತಳ್ಳಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ, ಬಹಳ ಗಂಭೀರವಾದ ಕಟ್ಟಡ ಅಂದ. ಒಳಗೆ ಬಂದು, ನೀವೇ ಮೇಲ್ವಿಚಾರಕಿ ಇರಬೇಕು, ಮೇಲಿನ ಅಂತಸ್ತಿಗೆ ಮೆಟ್ಟಿಲು ಯಾವ ಕಡೆ ಅಂದ. ಹಿಂದುಗಡೆ ಇದೆ ಬನ್ನಿ ಅಂತ ಹಿತ್ತಲಿಗೆ ಕರೆದುಕೊಂಡು ಹೋಗಿ ಅಪ್ಪನ ಏಣಿ ತೋರಿಸಿದೆ. ಹತ್ತಲಾರ ಅಂದುಕೊಂಡಿದ್ದೆ, ಹತ್ತಿದ. ಹಿಂದೆಯೇ ನಾನೂ ಚಾವಣಿಗೆ ಹತ್ತಿದೆ, ಮೊಣಕಾಲು ಬೈದುಕೊಳ್ಳುತ್ತಲೇ ಬಂತು. ತೊಲೆಗಳು, ಪಾರಿವಾಳದ ಹಿಕ್ಕೆ, ಪರದೆಯ ಹಿಂಭಾಗ, ಸುತ್ತ ಬಯಲು, ಎಲ್ಲವನ್ನೂ ನೋಡಿದ. ನಾನು ಹೇಳಿದೆ, ಇದು ನಮ್ಮ ಮಹಡಿ. ನಾನು ಅವನ ಅಕ್ಕ, ಹುಲ್ಡಾ ಡಾಲ್‌ಬರ್ಗ್. ಅವನ ಹೆಸರು ಆರ್ವಿಡ್. ನಮ್ಮಲ್ಲಿ ಯಾರೂ ವರ್ಜೀನಿಯದ ಕಡೆ ತಲೆ ಹಾಕಿ ಮಲಗಿದವರಲ್ಲ, ನಮ್ಮಪ್ಪ ಸ್ವೀಡನ್ನಿನಿಂದ ಒಂದು ಪೆಟ್ಟಿಗೆ ಹೊತ್ತು ಬಂದ ಬಡಗಿ.

ಇಷ್ಟು ಹೇಳಿದರೆ ಎಲ್ಲ ಮುಗಿಯಿತು, ಆಸಾಮಿ ಕೆಂಪಗಾಗಿ ಇಳಿದು ಹೋಗುತ್ತಾನೆ, ನೀನು ನನ್ನ ಮೇಲೆ ಸಿಟ್ಟಾಗಿ ಒಂದು ವರ್ಷ ಮಾತು ಬಿಡುತ್ತೀಯ, ಅಂಗಡಿ ಉಳಿಯುತ್ತದೆ ಅಂದುಕೊಂಡಿದ್ದೆ. ಆತ ನಕ್ಕುಬಿಟ್ಟ. ತೊಲೆಯ ಮೇಲೆ ಕರವಸ್ತ್ರ ಹಾಸಿ ಕೂತು, ನನ್ನ ಹತ್ತಿರ ಬನ್ನು ಕೇಳಿ ತರಿಸಿಕೊಂಡು ಎರಡು ತಿಂದ. ಆಮೇಲೆ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಕೂತು ಓದು. ಮಿಸ್ ಡಾಲ್‌ಬರ್ಗ್, ನಿಮ್ಮ ತಮ್ಮ ಸುಳ್ಳು ಹೇಳ್ತಾನೆ ಅಂತ ನನಗೆ ಮೊದಲ ವಾರವೇ ಗೊತ್ತಾಯ್ತು, ಅದಕ್ಕೇ ಅವನನ್ನು ಇಟ್ಟುಕೊಂಡೆ, ಅಷ್ಟು ನಂಬಿಕೆಯಿಂದ ಸುಳ್ಳು ಹೇಳೋರು ಸುಲಭಕ್ಕೆ ಸಿಗಲ್ಲ. ಹಾಗಾದರೆ ಇಲ್ಲಿಗೆ ಯಾಕೆ ಬಂದಿರಿ ಅಂದೆ. ಫೋಟೋಗೆ ಅಂದ. ಕಂಪನಿಯ ಪ್ರಚಾರದ ಪುಸ್ತಕದಲ್ಲಿ ಹಾಕುತ್ತಾರಂತೆ, ನಮ್ಮ ಪಶ್ಚಿಮದ ಕಚೇರಿ ಅಂತ. ಫೋಟೋ ತೆಗೆಯೋದು ಬೀದಿಯಿಂದ, ನೀವು ಈ ಏಣಿನ ಇನ್ಯಾರಿಗೂ ತೋರಿಸಬೇಡಿ ಅಷ್ಟೇ, ಒಂದು ಕೋಟು ಬಣ್ಣ ಬಳಿಸಿಡಿ, ಹದಿನೈದು ದಿನ ಬಿಟ್ಟು ಫೋಟೋದವನನ್ನು ಕಳಿಸ್ತೀನಿ ಅಂದ. ಅಲ್ಲಿ ನೀವು ಮಾರುತ್ತಿರುವ ಊರಿನಲ್ಲಿ ಹೋಟೆಲು ಎದ್ದಿದೆಯೇ ಅಂತ ಕೇಳಿದೆ. ಮುಖ ಎದ್ದಿದೆ, ಹಿಂದಿನದು ಆಮೇಲೆ ಅಂದ. ನಾನು ಕೆಳಗಿಳಿದೆ. ಅಷ್ಟು ನಿರಾಳವಾಗಿ ಮಾತಾಡುವವನ ಎದುರು ಸಿಟ್ಟನ್ನು ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯಲಿಲ್ಲ.

ಇದೊಂದನ್ನು ಬರೆಯದೆ ಬಿಡೋಣವೇ ಅಂತ ಬಹಳ ಯೋಚಿಸಿದೆ. ಬಿಟ್ಟರೆ ನಾನೂ ನಿನ್ನೆದುರು ಹಲಗೆಗೋಡೆ ಎಬ್ಬಿಸಿದ ಹಾಗಾಗುತ್ತದೆ. ರೈಲು ಹತ್ತುವ ಮುಂಚೆ, ನಿಮ್ಮ ಮಗಳನ್ನು ನಮ್ಮ ಆರ್ವಿಡನಿಗೆ ಕೊಡುವ ಮಾತು ನಿಜವೇ ಅಂತ ನೇರವಾಗಿಯೇ ಕೇಳಿದೆ. ಪಾಪ, ಅವನು ಹಾಗಂದುಕೊಂಡಿದ್ದಾನಾ ಅಂದ. ಆ ಹುಡುಗಿಯ ಮದುವೆ ಕ್ರಿಸ್‌ಮಸ್ಸಿಗೆ, ಬಾಸ್ಟನ್ನಿನ ಯಾರೋ ಬ್ಯಾಂಕಿನವರ ಮಗನ ಜೊತೆ, ವಸಂತದಲ್ಲೇ ಗೊತ್ತಾಗಿದೆಯಂತೆ. ಅವನಿಗೆ ಸದ್ಯಕ್ಕೆ ಹೇಳಬೇಡಿ, ಕೆಲಸದಲ್ಲಿ ಹುರುಪು ಹೋಗುತ್ತೆ ಅಂದ. ಇದನ್ನು ಓದಿ ನಿನಗೆ ಎಷ್ಟು ನೋಯುತ್ತದೆ ಅಂತ ನನಗೆ ಗೊತ್ತು. ನನ್ನ ಮೇಲೆ ಸಿಟ್ಟು ಮಾಡಿಕೋ, ಪರವಾಗಿಲ್ಲ, ನನಗೆ ರೂಢಿಯಿದೆ. ಆದರೆ ನಿನ್ನನ್ನು ನೋಡಿ ಅವರ ಮನೆಯವರು ಊಟದ ಮೇಜಿನಲ್ಲಿ ನಗುವುದು ಇನ್ನು ಒಂದು ದಿನವೂ ಬೇಡ. ನಿನ್ನನ್ನು ನೋಡಿ ನಗುವ ಹಕ್ಕಿರುವುದು ನನಗೊಬ್ಬಳಿಗೇ, ಅದೂ ಎತ್ತಿ ಆಡಿಸಿದ್ದಕ್ಕೆ.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ವಿಧವೆ ಎಂಗ್‌ಸ್ಟ್ರಾಮ್ ಜಗುಲಿಯ ಮೇಲೆ ನಿಂತಿದ್ದಳು. ನೆನಪಿದೆಯಲ್ಲ, ಒಕ್ಕಣೆ ಯಂತ್ರಕ್ಕೆ ಗಂಡನನ್ನು ಕಳೆದುಕೊಂಡವಳು, ನೀನು ಕಿತ್ತಳೆ ಕದ್ದಾಗ ಅಪ್ಪನಿಗೆ ಹೇಳದೆ ಬಿಟ್ಟವಳು. ನಿನ್ನ ಸಾಹೇಬರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಸುಮ್ಮನೆ ನಿಂತಿರಲಿಲ್ಲ, ಸಮುದ್ರ, ತಾಳೆಮರ, ಇವತ್ತು ಕೊಂಡರೆ ವಸಂತಕ್ಕೆ ಎರಡರಷ್ಟು ಅಂತ ಬೇಕಾದಷ್ಟು ಹಂಚಿ ಹೋಗಿದ್ದರು. ಇವಳು ಗಂಡ ಸತ್ತಾಗ ಬಂದ ಹಣವನ್ನು ಕಾಲುಚೀಲದಲ್ಲಿ ಕಟ್ಟಿಕೊಂಡು ಬಂದಿದ್ದಾಳೆ. ಹುಲ್ಡಾ, ನನಗೆ ಆ ಬಿಳಿ ಸೂಟಿನವನ ಮೇಲೆ ನಂಬಿಕೆ ಇಲ್ಲಮ್ಮ, ಆದರೆ ಪುಸ್ತಕದಲ್ಲಿ ನಿಮ್ಮ ಅಂಗಡಿ ಚಿತ್ರ ಹಾಕ್ತಾರಂತಲ್ಲ, ನಮ್ಮ ಆರ್ವಿಡನೇ ಅಲ್ಲಿದ್ದಾನಲ್ಲ, ಅಷ್ಟು ಸಾಕು ನನಗೆ ಅಂದಳು. ಆ ಹೆಂಗಸು ದಿನಾ ಬೆಳಿಗ್ಗೆ ತನ್ನ ಹಿತ್ತಲಿನಿಂದ ನಮ್ಮ ತೊಲೆಗಳನ್ನು, ಪಾರಿವಾಳಗಳನ್ನು ನೋಡುತ್ತಲೇ ಕಾಫಿ ಕುಡಿಯುವವಳು. ಆ ಗೋಡೆಯ ಹಿಂದೆ ಏನೂ ಇಲ್ಲ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಚಿತ್ರದಲ್ಲಿ ಬಂದರೆ ನಂಬುತ್ತಾಳೆ. ಅವಳ ಕಾಲುಚೀಲವನ್ನು ಅವಳ ಕೈಗೇ ತುರುಕಿ, ಕಾಫಿ ಕೊಟ್ಟು, ಮನೆಗೆ ಕಳಿಸಿ, ನೇರವಾಗಿ ಗಸ್‌ನ ಕುಲುಮೆಗೆ ಹೋದೆ.

ಆ ಗೋಡೆ ಇಳಿಸಿಕೊಡು ಅಂದರೆ ಗಸ್ ಮೊದಲು ಒಪ್ಪಲಿಲ್ಲ. ನಿಮ್ಮಪ್ಪ ಹೊಡೆದ ಮೊಳೆ ಕಣೇ ಅಂದ. ಅಪ್ಪ ಇದ್ದಿದ್ದರೆ ಸುತ್ತಿಗೆ ಅವರೇ ಹಿಡಿಯುತ್ತಿದ್ದರು ಅಂದೆ. ಶನಿವಾರ ಸಂತೆಗೆ ಊರೆಲ್ಲ ಸೇರಿದ್ದಾಗಲೇ ಇಳಿಸಿದೆವು, ಕದ್ದುಮುಚ್ಚಿ ಮಾಡುವಂಥದ್ದೇನಿದೆ ಇದರಲ್ಲಿ? ಮೊದಲು ಕಿಟಕಿ ಬಿಚ್ಚಿದೆವು, ಆಮೇಲೆ ಹಲಗೆ, ಕೊನೆಗೆ ಎರಡು ಕುದುರೆಗೆ ಹಗ್ಗ ಕಟ್ಟಿ ಚೌಕಟ್ಟನ್ನು ಎಳೆಸಿದ ಗಸ್. ಧೂಳು ಇಳಿದ ಮೇಲೆ ನಮ್ಮ ಅಂಗಡಿ ಟೋಪಿ ತೆಗೆದು ನಿಂತ ಬೋಳುತಲೆಯವನ ಹಾಗೆ ಕಾಣುತ್ತಿತ್ತು, ನಾನೇ ನಕ್ಕುಬಿಟ್ಟೆ. ಕ್ಷೌರಿಕ ಪೀಟ್ ಬಾಗಿಲಲ್ಲಿ ನಿಂತು, ಹುಲ್ಡಾ, ಇಷ್ಟು ಕುಳ್ಳಗಿದ್ದೆ ಅಂತ ಇಷ್ಟು ವರ್ಷ ಹೇಳಲೇ ಇಲ್ಲವಲ್ಲೇ ಅಂದ. ನಿನ್ನ ಅಂಗಡಿಯನ್ನೂ ಎಳೆಸಲಾ, ಕುದುರೆ ಇನ್ನೂ ಬಿಚ್ಚಿಲ್ಲ ಅಂದೆ. ಒಳಗೆ ಹೋದ.

ಸೋಮವಾರ ವರ್ತಕರ ಸಂಘದವರು ಕಾಲರು ಕಟ್ಟಿಕೊಂಡು ಬಂದರು. ಬೀದಿಗೆ ಹಲ್ಲು ಬಿದ್ದ ಹಾಗೆ ಆಯಿತಂತೆ, ರೈಲಿನಿಂದ ನೋಡುವವರಿಗೆ ಊರು ಬಡವಾಗಿ ಕಾಣುತ್ತದಂತೆ, ಏಳಿಗೆಗೆ ಅಡ್ಡ ಬಂದೆನಂತೆ. ನಿಮ್ಮ ತಮ್ಮನ್ನ ನೋಡಿ ಕಲೀರಿ ಮಿಸ್ ಹುಲ್ಡಾ, ದೊಡ್ಡದಾಗಿ ಯೋಚನೆ ಮಾಡೋದು ಅಂದರೆ ಅದು ಅಂದರು. ನಾನು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದೆ, ಎಲ್ಲರ ಅಂಗಡಿಯ ಹಿಂಭಾಗವೂ ನನಗೆ ಗೊತ್ತು. ಇದೇ ಅಂಗಡಿಯಲ್ಲಿ ನಿಮ್ಮ ಹೆಂಡತಿಯರು ಹಿಟ್ಟು, ಬೂಟು, ಬಟ್ಟೆ ಕೊಂಡಿದ್ದಾರೆ, ಮಹಡಿಯಿಂದ ಯಾವತ್ತಾದರೂ ಏನಾದರೂ ಇಳಿಸಿಕೊಟ್ಟಿದ್ದೇನೆಯೇ ಅಂತ ಕೇಳಿದೆ. ಮತ್ತೆ ಎಬ್ಬಿಸುವುದಿಲ್ಲ, ನಿಮಗೆ ಬೇಕಿದ್ದರೆ ನಿಮ್ಮದನ್ನು ಇನ್ನೊಂದು ಅಂತಸ್ತು ಏರಿಸಿಕೊಳ್ಳಿ ಅಂದೆ. ಒಂದು ವಾರ ಅವರ ಹೆಂಗಸರು ಬೇರೆ ಕಡೆ ಹೋದರು. ಅಲ್ಲಿಯ ಹಿಟ್ಟಿನಲ್ಲಿ ಹುಳ ಸಿಕ್ಕಿತು ಅಂತ ಕಾಣುತ್ತದೆ, ಈಗ ಎಲ್ಲರೂ ಬರುತ್ತಿದ್ದಾರೆ, ನಾನೂ ಏನೂ ಕೇಳಲಿಲ್ಲ. ಹೇಳಿದ ಹಾಗೆ ಫೋಟೋದವನೂ ಬಂದಿದ್ದ. ಮುಕ್ಕಾಲಿ ಹೊತ್ತುಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ಅಲೆದು, ಕೊನೆಗೆ ನನ್ನ ಹತ್ತಿರ ಬಂದು, ಡೇಲ್ ಅವರ ದೊಡ್ಡ ಕಟ್ಟಡ ಎಲ್ಲಿದೆ ಮೇಡಂ ಅಂದ. ಹಾಗೊಂದು ಇರಲೇ ಇಲ್ಲ, ಇದು ಡಾಲ್‌ಬರ್ಗ್ ಅಂಗಡಿ ಅಂದೆ. ಒಂದು ಕರವಸ್ತ್ರ ಕೊಂಡು ಮುಂದಿನ ರೈಲಿಗೆ ಹೋದ.

ಇನ್ನು ನಿನ್ನ ಬ್ಯಾಂಕಿನ ಕಾಗದ. ಸಹಿ ಹಾಕಿಲ್ಲ, ಹಾಕುವುದಿಲ್ಲ, ತಂತಿ ಕಳಿಸಿ ದುಡ್ಡು ಹಾಳು ಮಾಡಬೇಡ. ಅದನ್ನು ಹಾಗೇ ಇದರೊಳಗೆ ಇಟ್ಟಿದ್ದೇನೆ. ನೀನು ಹೇಳಬಹುದು, ಹುಲ್ಡಕ್ಕನಿಗೆ ದೊಡ್ಡದರ ಆಸೆಯೇ ಇಲ್ಲ, ಮೊಳೆ ತೂಗುವುದರಲ್ಲೇ ಸುಖ ಅಂತ. ಯಾರು ಹೇಳಿದರು ನಿನಗೆ? ನನಗೂ ರೇಷ್ಮೆ ಲಂಗ ಇಷ್ಟ, ಸಮುದ್ರ ಒಂದು ಸಲ ನೋಡಬೇಕು ಅಂತ ನನಗೂ ಇದೆ. ದುಡ್ಡು ಮಾಡುವುದು ಪಾಪ ಅಂತಲೂ ನಾನು ಹೇಳುವುದಿಲ್ಲ, ನಾನು ವ್ಯಾಪಾರದವಳು. ಆದರೆ ಅಲ್ಲಿ ಏರುವುದಕ್ಕೆ ನನ್ನನ್ನು ಸಾಯಿಸಬೇಕು, ಅಪ್ಪನ ಹೆಸರು ಒರೆಸಬೇಕು, ಎಂಗ್‌ಸ್ಟ್ರಾಮಳ ಕಾಲುಚೀಲ ಬಿಚ್ಚಿಸಬೇಕು ಅಂತಾದರೆ, ಆ ಏಣಿಯನ್ನು ನಾನು ಹಿಡಿಯುವುದಿಲ್ಲ ಕಣೋ. ಬಹಳ ವರ್ಷ ಹಿಡಿದಿದ್ದೇನೆ, ಇನ್ನು ಕೈ ಬಿಟ್ಟೆ. ನೀನು ದೊಡ್ಡ ಮನುಷ್ಯನಾಗದಿದ್ದರೂ ನನ್ನ ತಮ್ಮನೇ. ಅಲ್ಲಿ ಆಗಿರುವ ದೊಡ್ಡ ಮನುಷ್ಯ ಯಾರು ಅಂತ ನನಗೆ ಗೊತ್ತಿಲ್ಲ, ಅವನಿಗೆ ನಾನು ಕಾಲುಚೀಲ ಹೆಣೆಯುವುದಿಲ್ಲ.

ಇಳಿಸಿದ ಕಿಟಕಿಗಳಲ್ಲಿ ಒಂದನ್ನು ಹಿಂದಿನ ನಿನ್ನ ಕೋಣೆಯ ಪೂರ್ವದ ಗೋಡೆಗೆ ಕೂರಿಸಿದ್ದೇನೆ, ಆ ಕೋಣೆ ಯಾವಾಗಲೂ ಕತ್ತಲೆ ಅಂತ ಗೊಣಗುತ್ತಿದ್ದೆಯಲ್ಲ. ಪರದೆಯನ್ನು ಒಗೆದು ಹಾಕಿದ್ದೇನೆ. ಈಗ ಅದರ ಹಿಂದೆ ಮಂಚವಿದೆ.

ಬಿಸಿಲಿಗೆ ಹ್ಯಾಟಿಲ್ಲದೆ ತಿರುಗಬೇಡ, ಕೆಮ್ಮು ಬಂದರೆ ಬಿಸಿ ಹಾಲು ಕುಡಿ. ಗಸ್ ನಿನ್ನನ್ನು ಕೇಳಿದ್ದಾನೆ, ಎಂಗ್‌ಸ್ಟ್ರಾಮ್ ದಿನಾ ಕೇಳುತ್ತಾಳೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಬುದ್ಧಿಯನ್ನೂ ಅದರ ಜೊತೆಗೇ ಕೊಡಲಿ.

ಇನ್ನೂ ಬದುಕಿರುವ ನಿನ್ನ ಅಕ್ಕ,
ಹುಲ್ಡಾ ಡಾಲ್‌ಬರ್ಗ್

ಮರೆತ ಮಾತು: ಟಪಾಲು ರೈಲು ಕೂಗುತ್ತಿದೆ, ಮುಖ್ಯವಾದ್ದೇ ಬಿಟ್ಟುಹೋಯಿತು. ಆ ನಾಮಫಲಕ. ಗೋಡೆಯ ಜೊತೆ ಅದೂ ಇಳಿಯಿತು. ಹಳೆಯ ಅಕ್ಷರಗಳನ್ನು ನಾನೇ ಉಜ್ಜಿ ಕಿತ್ತು, ಫಲಕವನ್ನು ಬಾಗಿಲ ಮೇಲೆ ಕೈಗೆಟಕುವ ಎತ್ತರಕ್ಕೆ ಹೊಡೆದಿದ್ದೇನೆ. ಮೊದಲು ನನ್ನ ಹೆಸರು ಬರೆದೆ, ಪೂರ್ತಿಯಾಗಿ, ಹುಲ್ಡಾ ಡಾಲ್‌ಬರ್ಗ್. ಅದರ ಪಕ್ಕದಲ್ಲಿ 'ಮತ್ತು ತಮ್ಮ' ಅಂತ ಬರೆಯುವಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನಾನು ಬರೆಯುವುದಿಲ್ಲ, ನೀನೇ ಬಂದು ಬೀದಿಯಲ್ಲಿ ನಿಂತು ಎಲ್ಲರ ಎದುರು ಬರೆಯಬೇಕು. ಬಣ್ಣದ ಡಬ್ಬಿ, ಬ್ರಷ್ಷು ಕಟ್ಟೆಯ ಕೆಳಗಿವೆ. ಹಿಮ ಬಿದ್ದ ಮೇಲೆ ಹಲಗೆಗೆ ಬಣ್ಣ ಹಿಡಿಯುವುದಿಲ್ಲ. ಅಷ್ಟರೊಳಗೆ ನೀನು ಬರದಿದ್ದರೆ ಆ ಜಾಗದಲ್ಲಿ ಒಂದು ಹಿಟ್ಟಿನ ಮೂಟೆಯ ಚಿತ್ರ ಬರೆದುಬಿಡುತ್ತೇನೆ.